ಉತ್ತರಕ್ಕೆ ಮೊದಲು ಬೇರು ನೋಡಿ

ಕೇಳುಗ ಬಂಧುಗಳಿಗೆ ನಮಸ್ಕಾರ.

ನಿಮ್ಮಲ್ಲಿ ಎಷ್ಟೋ ಜನ ಅಂಗಳದಲ್ಲೋ ಮಹಡಿಯ ಮೇಲೋ ವರ್ಷಗಟ್ಟಲೆ ಗಿಡ ಬೆಳೆಸಿದವರು. ನೆರೆಹೊರೆಯವರು ಬಂದು ಕೇಳಿದರೆ ತಿಳಿದಷ್ಟನ್ನು ಪ್ರೀತಿಯಿಂದ ಹೇಳಿಕೊಟ್ಟವರು. ಅದನ್ನೇ ಕ್ರಮವಾಗಿ ಕಲಿತು, ಸುತ್ತಲಿನ ಜನರಿಗೆ ತೋಟಗಾರಿಕೆಯನ್ನು ಹೇಳಿಕೊಡುವ ಸ್ವಯಂಸೇವಕರಾಗಲು ಪಡೆಯಬೇಕಾದ ತರಬೇತಿಯ ಕುರಿತು ನಾನು ಮಾತನಾಡಲಿದ್ದೇನೆ. ನಾನು ಹೇಳಬೇಕೆಂದಿರುವುದು ಒಂದೇ ಮಾತು: ಗಿಡವನ್ನು ನೋಡದೆ, ಬೆಳೆಸಿದವರನ್ನು ವಿಚಾರಿಸದೆ ಉತ್ತರ ಹೇಳಬೇಡಿ.

ಈ ಬಗೆಯ ತರಬೇತಿಗೆ ಅರ್ಧ ಶತಮಾನದ ಇತಿಹಾಸವಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮನೆತೋಟದವರು ಕೇಳುತ್ತಿದ್ದ ಪ್ರಶ್ನೆಗಳಿಗೆಲ್ಲ ಉತ್ತರಿಸಲು ವಿಶ್ವವಿದ್ಯಾಲಯದ ವಿಸ್ತರಣಾ ಸಿಬ್ಬಂದಿಗೆ, ಅಂದರೆ ಕೃಷಿಯ ತಿಳಿವಳಿಕೆಯನ್ನು ಜನರಿಗೆ ತಲುಪಿಸುವವರಿಗೆ, ಸಾಧ್ಯವಾಗದೆ ಹೋದಾಗ, ಆಸಕ್ತ ನಾಗರಿಕರಿಗೇ ಪಾಠ ಹೇಳಿ, ಪ್ರತಿಯಾಗಿ ಅವರಿಂದ ಇಂತಿಷ್ಟು ಗಂಟೆಗಳ ಸೇವೆ ಪಡೆಯುವ ಏರ್ಪಾಡು 1973ರಲ್ಲಿ ಆರಂಭವಾಯಿತು. ಅದೇ 'ಮಾಸ್ಟರ್ ಗಾರ್ಡನರ್' ಎಂಬ ಹೆಸರಿನಿಂದ ಬೇರೆಡೆಗೂ ಹರಡಿತು. ಸಸ್ಯದ ರಚನೆ, ಮಣ್ಣು, ನೀರು, ಗೊಬ್ಬರ, ಕೀಟ, ರೋಗ ಎಲ್ಲವೂ ಅಲ್ಲಿ ಪಾಠಗಳೇ. ಆದರೆ ಪಾಠವನ್ನು ಬಾಯಿಪಾಠ ಮಾಡಿದವರೆಲ್ಲ ಶಿಕ್ಷಕರಾಗುವುದಿಲ್ಲ. ಇದನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆ.

ತರಬೇತಿಯ ತರಗತಿಗಳು ಮುಗಿದು, ಸಲಹೆ ಕೇಳಲು ಬರುವವರ ಎದುರು ನಾನು ಮೊದಲ ಸಲ ಕುಳಿತ ದಿನ, ಹಿರಿಯ ಮಹಿಳೆಯೊಬ್ಬರು ಕಾಗದದಲ್ಲಿ ಸುತ್ತಿದ ದಾಸವಾಳದ ಎರಡು ಹಳದಿ ಎಲೆಗಳನ್ನು ತಂದು ಮೇಜಿನ ಮೇಲಿಟ್ಟರು. ಕೆಳಗಿನ ಹಳೆಯ ಎಲೆಗಳು ಹಳದಿಯಾದರೆ ಸಾರಜನಕದ ಕೊರತೆ, ತುದಿಯ ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣಾಂಶದ ಕೊರತೆ ಎಂದು ಅದೇ ವಾರ ಕಲಿತಿದ್ದೆ. "ಇವು ಕೆಳಗಿನ ಎಲೆಗಳು ತಾನೇ?" ಎಂದು ಕೇಳಿದೆ, ಅವರು ಹೌದೆಂದರು. ಗೊಬ್ಬರ ಹಾಕಿ ಎಂದು ಹೇಳಿ ಕಳಿಸಿದೆ.

ಎರಡು ವಾರ ಕಳೆದು ಅವರು ಕುಂಡವನ್ನೇ ಎತ್ತಿಕೊಂಡು ಬಂದರು. ಗಿಡದಲ್ಲಿ ನಾಲ್ಕೇ ಎಲೆ ಉಳಿದಿದ್ದವು. ನಮಗೆ ಕಲಿಸುತ್ತಿದ್ದ ಹಿರಿಯ ಶಿಕ್ಷಕಿ ನನಗೆ ಒಂದು ಮಾತೂ ಅನ್ನದೆ ಅವರನ್ನು ಕೂರಿಸಿ, "ದಿನಕ್ಕೆ ಎಷ್ಟು ಸಲ ನೀರು ಹಾಕುತ್ತೀರಮ್ಮ? ಹಾಕಿದ ನೀರು ಕುಂಡದ ಕೆಳಗಿನಿಂದ ಹೊರಗೆ ಬರುತ್ತದೆಯೇ?" ಎಂದು ವಿಚಾರಿಸಿದರು. ಬೆಳಿಗ್ಗೆ, ಸಂಜೆ ಎರಡೂ ಹೊತ್ತು ತಪ್ಪದೆ ಹಾಕುತ್ತೇನೆ, ನೀರು ಹೊರಗೆ ಬಂದದ್ದನ್ನು ಕಾಣೆ ಎಂದರು ಆಕೆ. ಶಿಕ್ಷಕಿ ಹಳೆಯ ಪತ್ರಿಕೆ ಹಾಸಿ, ಕುಂಡವನ್ನು ಓರೆ ಮಾಡಿ, ಗಿಡವನ್ನು ಮಣ್ಣಿನ ಗಡ್ಡೆಯೊಂದಿಗೆ ಹೊರಗೆ ಜಾರಿಸಿದರು. ಕೊಳೆತ ನೀರಿನ ವಾಸನೆ ಮೇಜಿನ ಸುತ್ತ ಹರಡಿತು. ಕಂದುಬಣ್ಣದ ಒಂದು ಬೇರನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲನೆ ಎಳೆದಾಗ, ಹೊರಗಿನ ಸಿಪ್ಪೆ ಕಳಚಿ ಬೆರಳಿಗಂಟಿತು. ಒಳಗಿನ ದಾರದಂಥ ಎಳೆ ಮಾತ್ರ ಉಳಿಯಿತು. ಕುಂಡದ ತಳದ ತೂತಿಗೆ ಚಪ್ಪಟೆ ಹಂಚಿನ ಚೂರೊಂದು ಬಿಗಿಯಾಗಿ ಕೂತಿತ್ತು. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ, ಗಾಳಿ ಸಿಗದ ಬೇರು ಕೊಳೆಯುತ್ತದೆ, ಕೊಳೆತ ಬೇರು ಮಣ್ಣಿನಲ್ಲಿರುವ ಸಾರಜನಕವನ್ನೂ ಮೇಲಕ್ಕೆ ಕಳಿಸಲಾರದು. ಎಲೆ ಹಳದಿಯಾದದ್ದು ನಿಜ. ಆದರೆ ಕಾರಣ ನಾನು ನೋಡದೇ ಬಿಟ್ಟ ಜಾಗದಲ್ಲಿತ್ತು.

ಕೊಳೆತದ್ದನ್ನು ಕತ್ತರಿಸಿ, ನೀರು ಬಸಿಯುವ ಹೊಸ ಮಣ್ಣು ತುಂಬಿ ಗಿಡವನ್ನು ಮತ್ತೆ ನೆಟ್ಟದ್ದಾಯಿತು. ಬೆರಳನ್ನು ಎರಡು ಗಿಣ್ಣಿನಷ್ಟು ಆಳಕ್ಕೆ ಇಳಿಸಿ, ಅಲ್ಲಿ ಒಣಗಿದ್ದರೆ ಮಾತ್ರ ನೀರು ಹಾಕಿ ಎಂದು ಹೇಳಿಕೊಟ್ಟರು. ಆಕೆ ತಮ್ಮ ಬೆರಳನ್ನೇ ಇಳಿಸಿ ನೋಡುವವರೆಗೂ ಶಿಕ್ಷಕಿ ಬಿಡಲಿಲ್ಲ. ಗಿಡ ಚಿಗುರಲು ಒಂದೂವರೆ ತಿಂಗಳು ಹಿಡಿಯಿತು.

ಕೊಟ್ಟ ಸಮಯ ಮುಗಿಯುತ್ತಾ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಮಣ್ಣು ಪರೀಕ್ಷೆಗೆ ಕಳಿಸುವಾಗ ಒಂದೇ ಮೂಲೆಯ ಹಿಡಿ ಮಣ್ಣು ಸಾಲದು. ತೋಟದ ಹಲವು ಕಡೆಗಳಿಂದ, ಸುಮಾರು 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ ಕಳಿಸಬೇಕು. ಗುಲಗಂಜಿ ಹುಳುವಿನ ಮರಿಯನ್ನು ಕಂಡು ಪೀಡೆಯೆಂದು ಹೊಸಕಿಹಾಕುವವರು ಬಹಳ. ಕಪ್ಪಗೆ, ಪುಟ್ಟ ಮೊಸಳೆಯಂತೆ ಕಾಣುವ ಆ ಮರಿ ಗಿಡದ ಹೇನುಗಳನ್ನು ತಿಂದು ಬದುಕುತ್ತದೆ. ಅಲ್ಲಿಯೂ ಅಷ್ಟೇ, ಮೊದಲು ನೋಡಿ. ನೋಡಿಯೂ ತಿಳಿಯದಿದ್ದರೆ "ನನಗೆ ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ" ಎನ್ನಿ, ಮತ್ತು ದಯವಿಟ್ಟು ವಿಚಾರಿಸಿ ಹೇಳಿ. ಎರಡನೆಯದನ್ನು ಮರೆಯುವವರನ್ನು ಕಂಡರೆ ನನ್ನ ತಾಳ್ಮೆ ಉಳಿಯುವುದಿಲ್ಲ.

ಸಸ್ಯಶಾಸ್ತ್ರ ಓದಿಲ್ಲವೆಂದು ಯಾರೂ ಹಿಂಜರಿಯಬೇಕಾಗಿಲ್ಲ, ಅದನ್ನು ತರಗತಿಯಲ್ಲಿ ಕಲಿಸುತ್ತಾರೆ. ತರಬೇತಿಗೆ ಹೋಗುವಾಗ ಬರೆದುಕೊಳ್ಳಲು ಒಂದು ಪುಸ್ತಕವನ್ನೂ, ಎಲೆಯ ಅಡಿಭಾಗವನ್ನು ನೋಡಲು ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಒಂದು ಭೂತಗನ್ನಡಿಯನ್ನೂ ಜೊತೆಗಿಟ್ಟುಕೊಳ್ಳಿ. ನಮಸ್ಕಾರ.