ಅಟ್ಟದಿಂದ ಇಳಿದ ರೇಡಿಯೋ ಪೆಟ್ಟಿಗೆ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯ ಅಟ್ಟದಲ್ಲಿ ಹಳೆಯದೊಂದು ವಾಲ್ವ್ ರೇಡಿಯೋ ಇತ್ತು, ಒಳಗೆ ಕಾವೇರಿ ಉರಿಯುವ ಗಾಜಿನ ಬುರುಡೆಗಳಿರುವಂಥದ್ದು. ಹಿತ್ತಾಳೆ ಹಂಡೆಗೂ ಮುರಿದ ತೊಟ್ಟಿಲಿಗೂ ನಡುವೆ ಗೋಣಿಚೀಲ ಹೊದ್ದು ಕೂತಿತ್ತು. ಹೋದ ವರ್ಷ ಹೆಂಚು ಕೈಯಾಡಿಸುವಾಗ ಕೆಳಗಿಳಿಸಿದೆವು. ಮೇಲ್ಭಾಗದ ಮರದ ಪದರ ಒಣಗಿದ ಬಾಳೆಸಿಪ್ಪೆಯ ಹಾಗೆ ಎದ್ದು ಸುರುಟಿಕೊಂಡಿತ್ತು. ಒಂದು ಮೂಲೆ ಹಾರಿಹೋಗಿತ್ತು. ಅಲುಗಿಸಿದರೆ ಅಡಿಯಿಂದ ಹಿಟ್ಟಿನಂಥ ಪುಡಿ, ಕುಟ್ಟೆ ಹಿಡಿದಿತ್ತು. ರಿಪೇರಿಯವರು ನೋಡಿ, "ಒಳಗಿನ ಸಾಮಾನು ಇಟ್ಕೊಳ್ಳಿ ಸಾರ್, ಪೆಟ್ಟಿಗೆ ಒಲೆಗೆ ಹಾಕಿ" ಅಂದರು.

ನಾನು ವಾದಕ್ಕೆ ಹೋಗಲಿಲ್ಲ. ಅವರೇ ಕಂಡೆನ್ಸರುಗಳನ್ನು ಬದಲಿಸಿ, ಸೆಟ್ಟನ್ನು ಪೆಟ್ಟಿಗೆಯಿಲ್ಲದೆ ಬರಿಯ ಮೇಜಿನ ಮೇಲಿಟ್ಟು ಹಾಡಿಸಿದರು. ದನಿ ಬಂತು, ಆದರೆ ನೆಗಡಿಯಾದವರ ದನಿ. ಕಛೇರಿ ಬರುತ್ತಿತ್ತು, ಮೃದಂಗದ ತೊಪ್ಪಿ, ಅಂದರೆ ಎಡಮುಖದ ಆ ತಗ್ಗಿನ ದನಿ, ಮಾತ್ರ ಕೇಳಲೇ ಇಲ್ಲ. ಸ್ಪೀಕರಿನ ಕಾಗದ ಮುಂದಿನ ಗಾಳಿಯನ್ನು ಒತ್ತುವ ಹೊತ್ತಿಗೇ ಹಿಂದಿನ ಗಾಳಿ ಸಡಿಲವಾಗುತ್ತದೆ. ನಡುವೆ ಹಲಗೆಯ ತಡೆ ಇಲ್ಲದಿದ್ದರೆ ಮುಂದಿನ ಅಲೆ, ಹಿಂದಿನ ಅಲೆ ಸುತ್ತಿ ಬಂದು ಒಂದನ್ನೊಂದು ನುಂಗಿಹಾಕುತ್ತವೆ. ಮೊದಲು ಹೋಗುವುದು ಮಂದ್ರ. ಒಲೆಗೆ ಹಾಕಿ ಅಂದದ್ದು ಆ ತಡೆಯನ್ನು!

ಹಾಗಾಗಿ ಪೆಟ್ಟಿಗೆಯ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನವೇ ಒಂದು ಅನಾಹುತ ಮಾಡಿಕೊಂಡೆ. ಹಳೇ ಪಾಲಿಶ್ ತೆಗೆಯೋಣವೆಂದು ಉಪ್ಪುಕಾಗದ ಹಿಡಿದು, ಬಾಗಿಲು ಉಜ್ಜುವ ಹುರುಪಿನಲ್ಲಿ ಉಜ್ಜಿದೆ. ನಾಲ್ಕೇ ನಾಲ್ಕು ಸಲ. ಅಂಚಿನಲ್ಲಿ ಪ್ಲೈವುಡ್ಡಿನ ಪೇಲವ ಮೈ ಇಣುಕಿತು. ನಾವು ಇಡೀ ಅಕ್ರೋಟ್ ಮರವೆಂದುಕೊಳ್ಳುವುದು ಸಾಮಾನ್ಯವಾಗಿ ಮೇಲಿನ ಒಂದು ಹೊದಿಕೆ ಅಷ್ಟೇ. ಉಗುರಿನಷ್ಟು ದಪ್ಪ, ಅಡಿಯಲ್ಲಿ ಪ್ಲೈವುಡ್. ಮಷೀನು ಹಿಡಿದು ಉಜ್ಜಿಸಿ, ಮೇಲೆ ಗಾಜಿನಂತೆ ಹೊಳೆಯುವ ವಾರ್ನಿಷ್ ಬಳಿಸಿದ ಎಷ್ಟೋ ರೇಡಿಯೋಗಳನ್ನು ನೋಡಿದ್ದೇನೆ. ನನಗೇನೋ ಅವು ಮದುವೆ ಮನೆಗೆ ಬಾಡಿಗೆಗೆ ತಂದ ಕುರ್ಚಿಗಳ ಹಾಗೆ ಕಾಣುತ್ತವೆ.

ಹಳೇ ಪಾಲಿಶ್ ಯಾವುದೆಂದು ಮೊದಲು ತಿಳಿಯಬೇಕು. ಪೆಟ್ಟಿಗೆಯ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಹತ್ತಿಯಲ್ಲಿ ಒಂದು ಹನಿ ಸ್ಪಿರಿಟ್ ಒತ್ತಿ. ಅಂಟಂಟಾದರೆ ಅದು ಅರಗು. ಆಗದಿದ್ದರೆ ಥಿನ್ನರ್ ಒತ್ತಿ. ಅದಕ್ಕೆ ಮೆತ್ತಗಾದರೆ ಕಾರ್ಖಾನೆಯಲ್ಲಿ ಎರಚಿದ ಲ್ಯಾಕರ್. ನಮ್ಮದು ಅರಗು. ಅರಗಿನ ದೊಡ್ಡ ಗುಣವೆಂದರೆ ಹೊಸ ಕೈ ಬಿದ್ದಾಗ ಹಳೆಯದು ಕರಗಿ ಅದರ ಜೊತೆಯೇ ಬೆರೆಯುತ್ತದೆ, ಕೆರೆಯುವ ಕೆಲಸವೇ ಇಲ್ಲ. ಇದು ನಮಗೆ ದೂರದ ವಸ್ತುವೂ ಅಲ್ಲ, ಚನ್ನಪಟ್ಟಣದ ಗೊಂಬೆಯ ಮೈಮೇಲಿರುವುದೂ ಇದೇ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದರಲ್ಲ, ಅದಾದ ಎರಡು ವರ್ಷಕ್ಕೆ ನಾಲ್ವಡಿಯವರು ಅದೇ ಊರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ತೆರೆದರು. ಓಟು ಹಾಕಿದ ಬೆರಳಿಗೆ ಹಚ್ಚುವ ಶಾಯಿ ಇವತ್ತಿಗೂ ಅಲ್ಲಿಂದಲೇ ಬರುತ್ತದೆ.

ಎದ್ದ ಪದರದ ವಿಷಯಕ್ಕೆ ಬರೋಣ. ಹಳೇ ಬಡಗಿಗಳ ಅಂಟು, ಸರೇಸು, ಪ್ರಾಣಿಗಳ ಚರ್ಮ, ಎಲುಬು ಕುದಿಸಿ ಮಾಡಿದ್ದು. ಬಿಸಿಗೂ ತೇವಕ್ಕೂ ಅದು ಬಿಡುತ್ತದೆ. ರೇಡಿಯೋದಲ್ಲಿ ವಾಲ್ವುಗಳ ಕಾವು ನೇರ ಮೇಲಿನ ಹಲಗೆಗೆ, ಮೇಲಿನಿಂದ ನಮ್ಮ ಅಜ್ಜಿ ಇಡುತ್ತಿದ್ದ ಹೂದಾನಿಯ ನೀರು, ಜೊತೆಗೆ ಮಲೆನಾಡಿನ ಮಳೆ. ತಡೆದದ್ದೇ ಹೆಚ್ಚು. ಪದರದಡಿಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ತೂರಿಸಿ ಹಳೇ ಅಂಟು ಕರಗಿಸಿದೆ. ಒಣಗಿದ ಮೇಲೆ, ಸೂಜಿ ತೆಗೆದ ಸಿರಿಂಜಿನಿಂದ ಫೆವಿಕಾಲ್ ಬಿಟ್ಟು, ಮೇಲೊಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಇಟ್ಟಿಗೆ. ದುಂಡು ಮೂಲೆಗೆ ಇಟ್ಟಿಗೆ ನಿಲ್ಲುವುದಿಲ್ಲ. ಅಲ್ಲಿಗೆ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಎಳೆದೆಳೆದು ಪೆಟ್ಟಿಗೆಯ ಸುತ್ತ ಬಿಗಿದೆ. ಎರಡು ದಿನ ರೇಡಿಯೋ ಕೈಕಾಲು ಮುರಿದುಕೊಂಡು ಪಟ್ಟಿ ಕಟ್ಟಿಸಿಕೊಂಡವರ ಹಾಗಿತ್ತು.

ಹಾರಿಹೋದ ಮೂಲೆಗೆ ತೇಪೆ. ಚೌಕ ತೇಪೆ ಹಾಕಿದರೆ ಅಡ್ಡಗೆರೆ ಎದ್ದು ಕಾಣುತ್ತದೆ. ದೋಣಿಯಂತೆ ಎರಡು ತುದಿ ಚೂಪಾಗಿ, ಮರದ ಎಳೆಯ ದಿಕ್ಕಿಗೇ ಕತ್ತರಿಸಿ ಕೂರಿಸಿದರೆ ಕಣ್ಣು ಜಾರಿಹೋಗುತ್ತದೆ. ಕುಟ್ಟೆಯ ತೂತುಗಳಿಗೆ ಅದೇ ಸಿರಿಂಜಿನಲ್ಲಿ ಔಷಧಿ.

ಪಾಲಿಶ್ ಹಚ್ಚುವುದಕ್ಕೆ ಬ್ರಷ್ ಬೇಡ. ಹತ್ತಿಯ ಉಂಡೆಯನ್ನು ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಒಳಗೆ ಕುಡಿಸಿ, ಹೊರಗೆ ಒಂದೇ ಹನಿ ಎಣ್ಣೆ ಸವರಿ, ಮರದ ಮೇಲೆ ಸುತ್ತುತ್ತ ಹೋಗಬೇಕು. ಕೈ ಒಂದು ಕ್ಷಣ ನಿಂತರೂ ಅಲ್ಲಿ ಗುರುತು ಏಳುತ್ತದೆ. ನಾನು ಆಷಾಢದಲ್ಲಿ ಶುರುಮಾಡಿದ್ದೆ. ಸ್ಪಿರಿಟ್ ಆರುವಾಗ ಗಾಳಿಯ ತೇವ ಕೂತು, ಮೈಯೆಲ್ಲ ಮಂಜು ಕವಿದ ಹಾಗೆ ಬೆಳ್ಳಗಾಯಿತು. ದೀಪಾವಳಿ ಕಳೆಯುವವರೆಗೆ ಕಾಯ್ದು, ಬಿಸಿಲಿನ ದಿನ ನೋಡಿ ಮತ್ತೆ ಹಚ್ಚಿದೆ.

ಸ್ಪೀಕರಿನ ಮುಂದಿನ ಬಟ್ಟೆ ತೊಳೆಯಲು ಹೋಗಿ ಚಿಂದಿಯಾಯಿತು. ಹೊಸದನ್ನು ಆರಿಸಲು ಅಂಗಡಿಯಲ್ಲಿ ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ ನೋಡುತ್ತಿದ್ದೆ, ಉಸಿರು ಸಲೀಸಾಗಿ ದಾಟಿದರೆ ದನಿಯೂ ದಾಟುತ್ತದೆ. ಅಂಗಡಿಯವರು ಏನೆಂದುಕೊಂಡರೋ. ಸ್ಟೇಷನ್ನುಗಳ ಹೆಸರಿರುವ ಗಾಜಿನ ಒಳಮೈಗಂತೂ ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ, ಕೊಲಂಬೊ ಅಳಿಸಿಹೋಗುತ್ತದೆ.

ಕೊನೆಗೆ ಉಳಿದದ್ದು ಗುಂಡಿಗಳು. ನಮ್ಮ ಸೆಟ್ಟು ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಮಾದರಿ. ಇಂಥವುಗಳ ತಗಡಿನ ಮೈಗೆ ಕರೆಂಟಿನ ಒಂದು ತಂತಿ ನೇರ ಸೇರಿರುತ್ತದೆ. ಪ್ಲಗ್ ತಿರುವುಮುರುವಾದರೆ ಮುಟ್ಟಿದವರಿಗೆ ಶಾಕ್. ಮನುಷ್ಯನಿಗೂ ಆ ತಗಡಿಗೂ ನಡುವೆ ಇರುವುದು ಈ ಮರದ ಪೆಟ್ಟಿಗೆ, ಹಿಂದಿನ ರಟ್ಟು ಮತ್ತು ಗುಂಡಿಗಳು, ಅಷ್ಟೇ. ಗುಂಡಿಯ ಪುಟ್ಟ ಸ್ಕ್ರೂ ಕೂಡ ಬೆರಳಿಗೆ ತಗಲಬಾರದೆಂದು ಆ ತೂತಿಗೆ ಮೇಣ ತುಂಬುತ್ತಿದ್ದರು. ನಮ್ಮದರಲ್ಲಿ ಮೇಣ ಉದುರಿತ್ತು. ನಾನು ಅಂಚೆಯ ಲಕೋಟೆಗೆ ಮುದ್ರೆಯೊತ್ತುವ ಕೆಂಪು ಅರಗನ್ನು ಕರಗಿಸಿ, ನಾಲ್ಕೂ ಗುಂಡಿಗೆ ಒಂದೊಂದು ತೊಟ್ಟು ಬಿಟ್ಟೆ.

ಸೆಟ್ಟು ಪೆಟ್ಟಿಗೆಯೊಳಗೆ ಕೂತು ತೊಪ್ಪಿ ಗುಂ ಎಂದ ದಿನ ರಿಪೇರಿಯವರೂ ಅಲ್ಲೇ ಇದ್ದರು. ಒಂದು ಕೀರ್ತನೆ ಮುಗಿಯುವವರೆಗೆ ಸುಮ್ಮನೆ ಕೇಳಿದರು. ಆಮೇಲೆ ಬಗ್ಗಿ ಗುಂಡಿಗಳನ್ನು ನೋಡಿ, "ಇನ್ನೊಂದ್ಸಲ ರಿಪೇರಿಗೆ ಬಂದ್ರೆ ಈ ಅರಗು ಕೆರೆಯೋರು ಯಾರು ಸಾರ್?" ಅಂದರು.

ನಮಸ್ಕಾರ.