ಫಿಸಿಯೋಥೆರಪಿ ಓದಲು ಹೊರಟವರಿಗೆ

ಮಾನ್ಯ ಪ್ರಾಂಶುಪಾಲರೇ, ಪೋಷಕರೇ, ಪ್ರೀತಿಯ ವಿದ್ಯಾರ್ಥಿಗಳೇ,

ಸೆಪ್ಟೆಂಬರ್ 8 ವಿಶ್ವ ಫಿಸಿಯೋಥೆರಪಿ ದಿನ. ಎಂಬಿಬಿಎಸ್ ಸೀಟು ಕೈತಪ್ಪಿದ ಮೇಲೆ ‘ಇದಾದರೂ ಇರಲಿ’ ಎಂದು ಫಿಸಿಯೋಥೆರಪಿ ಪದವಿಯಾದ ಬಿಪಿಟಿಗೆ ಬರುವ ಮಕ್ಕಳನ್ನು ಪ್ರತಿ ವರ್ಷ ಕಾಣುತ್ತೇನೆ. ಅವರಲ್ಲಿ ಅನೇಕರು ಮುಂದೆ ಒಳ್ಳೆಯ ಥೆರಪಿಸ್ಟ್‌ಗಳಾಗುತ್ತಾರೆ. ಆದರೂ ಏನನ್ನು ಕಲಿಯಲು ಹೊರಟಿದ್ದೇವೆ ಎಂಬುದು ಸೇರುವ ಮೊದಲೇ ತಿಳಿದಿರಲಿ ಎಂಬುದು ನನ್ನ ಆಸೆ.

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರು ಈ ಪದವಿಗೆ ಬರಬಹುದು. ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಬಹುಕಾಲ ನಡೆದುಬಂದದ್ದು 4 ವರ್ಷದ ಓದು, 6 ತಿಂಗಳ ಇಂಟರ್ನ್‌ಶಿಪ್. 2021ರ ಕಾಯ್ದೆಯಡಿ ರಚನೆಯಾದ, ಫಿಸಿಯೋಥೆರಪಿಯಂಥ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಹೊಸ ಪಠ್ಯಕ್ರಮವು ಇಂಟರ್ನ್‌ಶಿಪ್ಪನ್ನು 1 ವರ್ಷಕ್ಕೆ ಹೆಚ್ಚಿಸಿ, ಒಟ್ಟು ಅವಧಿಯನ್ನು 5 ವರ್ಷವಾಗಿಸಿದೆ. ಖರ್ಚು ಬೆಳೆಯಿತೆಂದು ಪೋಷಕರು ಚಿಂತಿಸುವುದು ಸಹಜವೇ. ಆದರೆ ಈ ವಿದ್ಯೆ ಕೈಗೆ ಹತ್ತುವುದು ರೋಗಿಯ ಪಕ್ಕದಲ್ಲಿಯೇ ಹೊರತು ತರಗತಿಯಲ್ಲಲ್ಲ.

ಒಂದು ಪ್ರಸಂಗ ಹೇಳುತ್ತೇನೆ. ಮೂಳೆ ಮುರಿದು, ಪ್ಲಾಸ್ಟರ್ ತೆಗೆದ ಮೇಲೆ ಮೊಣಕಾಲು ಬಿಗಿದುಕೊಂಡಿದ್ದ ಒಬ್ಬ ರೈತ ಮಹಿಳೆ ಬರುತ್ತಿದ್ದರು. ಇಂಟರ್ನ್ ಹುಡುಗಿ ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಇಟ್ಟು ಅಳೆದು, ಮಡಚುವಿಕೆ 90 ಡಿಗ್ರಿ ಎಂದು ಬರೆದುಕೊಂಡು, ಸಂತೋಷದಿಂದ ನನಗೆ ತೋರಿಸಿದಳು. ಅಷ್ಟರಲ್ಲಿ ಆ ತಾಯಿ, “ಅದಿರಲಿ ಮಗಾ, ಬಸ್ಸು ಹತ್ತೋದು ಯಾವಾಗ?” ಎಂದು ಕೇಳಿದರು. ಅವರ ಊರಿನಲ್ಲಿ ಬಸ್ಸು ರಸ್ತೆಯ ಮೇಲೆ ನಿಂತು, ಹತ್ತುವವರು ಪಕ್ಕದ ತಗ್ಗಿನಲ್ಲಿ ನಿಲ್ಲಬೇಕಾಗುತ್ತಿದ್ದುದರಿಂದ ಮೊದಲ ಮೆಟ್ಟಿಲು ಬಹಳ ಎತ್ತರವಾಗುತ್ತಿತ್ತು. ಮರುದಿನ ಆ ಹುಡುಗಿ ಬಸ್ ನಿಲ್ದಾಣಕ್ಕೇ ಹೋಗಿ ಮೆಟ್ಟಿಲಿನ ಎತ್ತರ ಅಳೆದು ಬಂದಳು. ಮರದ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ, ಯಾವ ಕಾಲು ಮೊದಲು, ಕೈ ಎಲ್ಲಿ ಹಿಡಿಯಬೇಕು ಎಂದು ಹೇಳಿಕೊಡುತ್ತ, ವಾರಕ್ಕೊಂದು ಹಲಗೆ ಏರಿಸುತ್ತ ಹೋದಳು. ಅಂಗರಚನಾಶಾಸ್ತ್ರ, ದೇಹದ ಚಲನೆಯ ಯಂತ್ರಶಾಸ್ತ್ರವಾದ ಬಯೋಮೆಕ್ಯಾನಿಕ್ಸ್, ವ್ಯಾಯಾಮ ಚಿಕಿತ್ಸೆ, ಅವಳು ಬೇರೆ ಬೇರೆ ವರ್ಷಗಳಲ್ಲಿ ಓದಿದ್ದೆಲ್ಲವೂ ಆ ಹಲಗೆಗಳ ಮೇಲೆ ಒಂದಾಗಿ ಕೆಲಸಕ್ಕೆ ಬಂದವು.

ಆದ್ದರಿಂದಲೇ ಕಾಲೇಜಿನ ಕಟ್ಟಡ ನೋಡಬೇಡಿ, ಅದಕ್ಕೆ ಸೇರಿದ ಆಸ್ಪತ್ರೆ ನೋಡಿ ಎನ್ನುತ್ತೇನೆ. ಪಾರ್ಶ್ವವಾಯು ಪೀಡಿತರು, ಮಿದುಳಿನ ಹಾನಿಯಿಂದ ಚಲನೆ ಕಷ್ಟವಾದ ಸೆರೆಬ್ರಲ್ ಪಾಲ್ಸಿಯ ಮಕ್ಕಳು, ಐಸಿಯುನಲ್ಲಿ ಕಫ ತೆಗೆಸಬೇಕಾದ ರೋಗಿಗಳು, ಇವರೆಲ್ಲರೂ ಅಲ್ಲಿಗೆ ಬರುತ್ತಾರೆಯೇ ಎಂದು ವಿಚಾರಿಸಿ.

ಸಮಯವಾಯಿತೆಂದು ಚೀಟಿ ಬಂದಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಇದರ ಸ್ನಾತಕೋತ್ತರ ಪದವಿ ಎಂಪಿಟಿ 2 ವರ್ಷ. ನರರೋಗ, ಹೃದಯ-ಶ್ವಾಸಕೋಶ, ಕ್ರೀಡೆ, ಮಕ್ಕಳ ವಿಭಾಗ ಹೀಗೆ ಕವಲುಗಳಿವೆ. ಸಾಧ್ಯವಾದರೆ ಕೆಲಕಾಲ ಕೆಲಸ ಮಾಡಿ ಕವಲು ಆರಿಸಿ. ಅಮೆರಿಕದಲ್ಲಿ ಈ ವೃತ್ತಿಗೆ ಸೇರಲು ಓದಬೇಕಾದದ್ದು ಡಿಪಿಟಿ ಎಂಬ ಡಾಕ್ಟರೇಟ್ ಪದವಿ. ಅಲ್ಲಿ ಕೆಲಸ ಮಾಡಲು ನಮ್ಮ ಪದವೀಧರರು ತಮ್ಮ ಓದಿನ ಮೌಲ್ಯಮಾಪನ ಮಾಡಿಸಿ, ಲೈಸೆನ್ಸ್‌ಗಾಗಿ ನಡೆಯುವ ಎನ್‌ಪಿಟಿಇ ಪರೀಕ್ಷೆ ತೇರ್ಗಡೆಯಾಗಬೇಕು. ಅಲ್ಲಿಯೂ ನೀವು ಇಲ್ಲಿ ಎಷ್ಟು ಗಂಟೆ ರೋಗಿಗಳೊಂದಿಗೆ ಕಳೆದಿರಿ ಎಂಬ ದಾಖಲೆ ಕೇಳುತ್ತಾರೆ. ಶುಲ್ಕ ಕಟ್ಟುವ ಮುನ್ನ ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗಿ, ಆ ಆಸ್ಪತ್ರೆಯ ಫಿಸಿಯೋಥೆರಪಿ ಹೊರರೋಗಿ ವಿಭಾಗದ (ಒಪಿಡಿ) ಬೆಂಚಿನ ಮೇಲೆ ಅರ್ಧ ದಿನ ಕುಳಿತು ಬನ್ನಿ.