ಪಾಸ್ ಒತ್ತಿ, ಹಳೆಯ ಜೆಟ್ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಫ್ಲೈಟ್ ಸಿಮ್ಯುಲೇಟರ್, ಅಂದರೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ, ಕೊಂಡವರೆಲ್ಲ ಸದಾ ವಿಮಾನ ಹಾರಿಸುತ್ತಲೇ ಇರುತ್ತಾರೆ ಅಂದುಕೊಳ್ಳಬೇಡಿ. ಹಾರಿಸುವುದು ಕಡಿಮೆ, ನಿಲ್ಲಿಸಿ ನೋಡುವುದು ಜಾಸ್ತಿ ಅನ್ನುವ ಒಂದು ಗುಂಪೂ ಇದೆ. ವಿಮಾನ ಮೋಡದ ಮೇಲೆ ಒಂದು ಬದಿಗೆ ವಾಲಿ ತಿರುಗುತ್ತಿರುತ್ತದೆ. ಇವರು ಪಾಸ್ ಗುಂಡಿ, ಅಂದರೆ ಆಟವನ್ನು ಇದ್ದಲ್ಲೇ ನಿಲ್ಲಿಸುವ ಗುಂಡಿ, ಒತ್ತುತ್ತಾರೆ. ಕ್ಯಾಮೆರಾವನ್ನು ಅದರ ಸುತ್ತ ಓಡಾಡಿಸಿ, ಒಂದು ಸ್ಕ್ರೀನ್‌ಶಾಟ್ ತೆಗೆದು ಎತ್ತಿಟ್ಟುಕೊಳ್ಳುತ್ತಾರೆ. ನಾನೂ ಆ ಗುಂಪಿಗೇ ಸೇರಿದ್ದೇನೆ. ರೇಡಿಯೋದಲ್ಲಿ ಕೂತು ಚಿತ್ರಗಳ ಮಾತಾಡುವುದು ತಮಾಷೆಯೇ, ಆದರೂ ಸ್ವಲ್ಪ ಸಹಿಸಿಕೊಳ್ಳಿ.

ಇವತ್ತಿನ ಮಾತು ಹಳೆಯ ಜೆಟ್ ಫೈಟರ್‌ಗಳದ್ದು. ಎರಡನೇ ಮಹಾಯುದ್ಧ ಮುಗಿದ ಮೇಲಿನ ಇಪ್ಪತ್ತು, ಇಪ್ಪತ್ತೈದು ವರ್ಷಗಳ ವಿಮಾನಗಳು. ಆಗ ಯಾವ ಆಕಾರ ಸರಿ ಅಂತ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. ಬ್ರಿಟನ್ನಿನ ಲೈಟ್ನಿಂಗ್ ನೋಡಿ, ಅದರ ಎರಡು ಎಂಜಿನ್ ಅಕ್ಕಪಕ್ಕ ಇಲ್ಲ, ಒಂದರ ಮೇಲೊಂದು ಕೂತಿವೆ. ಸ್ವೀಡನ್ನಿನ ವಿಗೆನ್‌ಗೆ ದೊಡ್ಡ ರೆಕ್ಕೆಯ ಮುಂದೆ ಇನ್ನೊಂದು ಜೊತೆ ಚಿಕ್ಕ ರೆಕ್ಕೆ. ಒಂದರ ಮುಖ ಇನ್ನೊಂದಕ್ಕಿಲ್ಲ. ಹಾರಿಸುವಾಗ ನಮ್ಮ ಕಣ್ಣು ಮೀಟರುಗಳ ಮೇಲಿರುತ್ತದೆ, ಇದೆಲ್ಲ ಗಮನಕ್ಕೇ ಬರುವುದಿಲ್ಲ. ನಿಲ್ಲಿಸಿದಾಗ ಮಾತ್ರ, ಈ ಮೂಗು ಯಾಕೆ ಹೀಗೆ, ಈ ರೆಕ್ಕೆ ಯಾಕೆ ಹಾಗೆ ಅಂತ ಕೇಳಬೇಕು ಅನಿಸುತ್ತದೆ. ಸ್ಕ್ರೀನ್‌ಶಾಟಿನ ರುಚಿ ಇರುವುದು ಅಲ್ಲೇ ಅಂತ ನನ್ನ ಲೆಕ್ಕ.

ಮೊದಲು ಮಿಗ್-21. ನಮ್ಮ ವಾಯುಪಡೆಗೆ 1963ರಲ್ಲಿ ಬಂತು, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಡುಗೆ ಪಡೆಯಿತು. ಇದನ್ನು ಡಿಸಿಎಸ್ ವರ್ಲ್ಡ್ ಅನ್ನುವ ಸಿಮ್ಯುಲೇಟರಿನಲ್ಲಿ ತುಂಬಾ ಮುತುವರ್ಜಿಯಿಂದ ಮಾಡಿದ್ದಾರೆ. ಎಫ್2 ಕೀಲಿ ಒತ್ತಿದರೆ ಹೊರಗಿನಿಂದ ಕಾಣುತ್ತದೆ. ಮೂಗಿನ ಹತ್ತಿರ ಹೋಗಿ. ಗಾಳಿ ಒಳಗೆ ಹೋಗುವ ದುಂಡು ಬಾಯಿ, ಅದರ ನಡುವೆ ಚೂಪಾದ ಕೋನ್. ಈ ಕೋನ್ ಅಲಂಕಾರಕ್ಕೆ ಅಲ್ಲ. ಶಬ್ದಕ್ಕಿಂತ ವೇಗವಾಗಿ ಬರುವ ಗಾಳಿ ಹಾಗೇ ನುಗ್ಗಿದರೆ ಎಂಜಿನ್ ತಾಳಿಕೊಳ್ಳುವುದಿಲ್ಲ. ಕೋನ್ ಅದನ್ನು ಬಾಗಿಲಲ್ಲೇ ನಿಧಾನ ಮಾಡಿ ಒಳಗೆ ಬಿಡುತ್ತದೆ. ವೇಗ ಹೆಚ್ಚಿದಂತೆ ಮುಂದಕ್ಕೆ ಚಾಚಿಕೊಳ್ಳುತ್ತದೆ. ರನ್‌ವೇಯಲ್ಲಿ ನಿಂತಾಗ ಒಂದು ಚಿತ್ರ, ಮ್ಯಾಕ್ 2ರ, ಅಂದರೆ ಶಬ್ದದ ಎರಡು ಪಟ್ಟು ವೇಗದ, ಹತ್ತಿರ ಒಂದು ಚಿತ್ರ ತೆಗೆದು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ನಿಮ್ಮ ಕಣ್ಣಿಗೇ ಕಾಣುತ್ತದೆ.

ಇನ್ನು ಒಳಗೆ ಬನ್ನಿ. ಕಾಕ್‌ಪಿಟ್ಟಿಗೆ ತಿಳಿ ಹಸಿರು ನೀಲಿ ಬಣ್ಣ ಬಳಿದಿದ್ದಾರೆ. ಮೀಟರುಗಳ ನಡುವೆ ಮೇಲಿಂದ ಕೆಳಕ್ಕೆ ಒಂದು ಬಿಳಿ ಗೆರೆ. ಯಾರೋ ಸುಮ್ನೆ ಎಳೆದ ಹಾಗಿದೆ, ಅಲ್ವಾ? ವಿಮಾನ ಗಿರಗಿರ ತಿರುಗುತ್ತಾ ಬೀಳತೊಡಗಿದರೆ ಪೈಲಟ್‌ಗೆ ಎಡ ಯಾವುದು ಬಲ ಯಾವುದು ತಿಳಿಯದೇ ಹೋಗಬಹುದು. ಆಗ ವಿಮಾನ ನಡೆಸುವ ಸ್ಟಿಕ್ಕನ್ನು ಆ ಗೆರೆಗೆ ಸರಿಯಾಗಿ ಮುಂದಕ್ಕೆ ತಳ್ಳಬೇಕು, ಅದು ನಡುಮಧ್ಯಕ್ಕೆ ಬಂದಿರುತ್ತದೆ. ಪ್ರಾಣ ಉಳಿಸಲು ಒಂದು ಬಣ್ಣದ ಪಟ್ಟಿ. ಹಾರಿಸುವ ಗಡಿಬಿಡಿಯಲ್ಲಿ ಇಂಥದ್ದನ್ನು ನೋಡಲು ಯಾರಿಗೆ ಪುರುಸೊತ್ತು?

ಅಮೆರಿಕದ ಎಫ್-104 ಸ್ಟಾರ್‌ಫೈಟರ್‌ನದು ಬೇರೆಯೇ ಕಥೆ. 1954ರಲ್ಲಿ ಮೊದಲು ಹಾರಿದ್ದು. ಉದ್ದನೆಯ ದೇಹ, ಎರಡೂ ಬದಿಗೆ ಮೊಟಕು ರೆಕ್ಕೆ. ಕ್ಯಾಮೆರಾವನ್ನು ನೇರ ಎದುರಿಗೆ, ರೆಕ್ಕೆಯ ಮಟ್ಟಕ್ಕೆ ತನ್ನಿ. ರೆಕ್ಕೆ ಮಾಯ! ಒಂದು ಗೀಟು ಮಾತ್ರ ಉಳಿಯುತ್ತದೆ. ಅದರ ಅಂಚು ಈಳಿಗೆಮಣೆಯ ಹಾಗೆ. ನೆಲದ ಮೇಲೆ ನಿಂತಾಗ ಕೆಲಸಗಾರರಿಗೆ ಗಾಯ ಆಗದಿರಲಿ ಎಂದು ಅದಕ್ಕೆ ಕವಚ ಹಾಕುತ್ತಿದ್ದರು. ಇಷ್ಟು ತೆಳು ರೆಕ್ಕೆಯಲ್ಲಿ ಇಂಧನಕ್ಕೂ ಜಾಗ ಇಲ್ಲ, ಚಕ್ರಕ್ಕೂ ಇಲ್ಲ. ಎಲ್ಲ ದೇಹದೊಳಗೇ ತುರುಕಿದರು. ಪಶ್ಚಿಮ ಜರ್ಮನಿ ಇದನ್ನು 900ಕ್ಕೂ ಹೆಚ್ಚು ಸೇವೆಗೆ ತೆಗೆದುಕೊಂಡು ಸುಮಾರು 290ನ್ನು ಅಪಘಾತಗಳಲ್ಲಿ ಕಳೆದುಕೊಂಡಿತು. ಪರದೆಯ ಮೇಲೆ ಇದರಷ್ಟು ಚೆಂದ ಇನ್ನೊಂದಿಲ್ಲ, ನಿಜ. ಆ ಲೆಕ್ಕವೂ ನೆನಪಿರಲಿ.

ಒಳ್ಳೆಯ ಚಿತ್ರಕ್ಕೆ ಎರಡು ಮಾತು ಹೇಳಿಬಿಡುತ್ತೇನೆ. ಹೊಸಬರು ಕ್ಯಾಮೆರಾವನ್ನು ವಿಮಾನದ ಮೂಗಿಗೇ ತಂದು ಇಡುತ್ತಾರೆ. ಮೂಗು ಊದಿಕೊಳ್ಳುತ್ತದೆ, ಬಾಲ ಸಣಕಲಾಗುತ್ತದೆ. ದೂರ ಹೋಗಿ, ಆಮೇಲೆ ಝೂಮ್ ಮಾಡಿ. ಆಗ ಅಳತೆ ಸರಿ ಕಾಣುತ್ತದೆ. ಇನ್ನೊಂದು, ಬಿಸಿಲು. ನಡು ಮಧ್ಯಾಹ್ನ ಬೇಡ. ಸಿಮ್ಯುಲೇಟರಿನಲ್ಲಿ ಗಂಟೆ ನಮ್ಮ ಕೈಯಲ್ಲೇ ಇದೆಯಲ್ಲ, ಬೆಳಗ್ಗೆ ಏಳಕ್ಕೆ ತಿರುಗಿಸಿ. ಓರೆ ಬೆಳಕು ಬಿದ್ದರೆ ತಗಡಿನ ಜೋಡಣೆ, ರಿವೆಟ್ಟು, ಎಣ್ಣೆ ಸೋರಿದ ಕಲೆ ಎಲ್ಲ ಎದ್ದು ಬರುತ್ತವೆ. ಎಷ್ಟೋ ಜನರಿಗೆ ಕೆಂಪು ಸೂರ್ಯಾಸ್ತ, ಹಾರುತ್ತಿರುವ ಕ್ಷಿಪಣಿ ಇಲ್ಲದೆ ಚಿತ್ರವೇ ಅಲ್ಲ. ನನಗೆ ಅದು ಕ್ಯಾಲೆಂಡರ್ ಅನಿಸುತ್ತದೆ. ಕೆಲಸ ಮಾಡಿ ಕೊಳೆಯಾದ ವಿಮಾನ ಸುಮ್ಮನೆ ಒಂದು ಕಡೆ ನಿಂತಿರಬೇಕು, ಅದು ನನಗಿಷ್ಟ.

ಇನ್ನೊಂದು ಆಟವೂ ಇದೆ. ಎಫ್-5 ತೆಗೆದುಕೊಳ್ಳಿ, ಅಮೆರಿಕದ ನಾರ್ತ್‌ರಪ್ ಕಂಪನಿಯದು. ನೇರ ಮೇಲಿನಿಂದ ನೋಡಿ. ರೆಕ್ಕೆ ಸೇರುವ ಜಾಗದಲ್ಲಿ ದೇಹ ಒಳಕ್ಕೆ ಸರಿದು ಸೊಂಟದಂತೆ ಸಣ್ಣಗಾಗಿದೆ. ಇದರ ಹಿಂದೆ ರಿಚರ್ಡ್ ವಿಟ್‌ಕೂಂಬ್ ಎಂಬ ಎಂಜಿನಿಯರ್ ಇದ್ದಾರೆ. ಶಬ್ದದ ವೇಗದ ಹತ್ತಿರ ಗಾಳಿ ರೆಕ್ಕೆಯನ್ನೂ ದೇಹವನ್ನೂ ಬೇರೆಬೇರೆ ಅಂತ ನೋಡುವುದಿಲ್ಲ, ಒಟ್ಟು ದಪ್ಪ ನೋಡುತ್ತದೆ. ರೆಕ್ಕೆ ಶುರುವಾದ ಕಡೆ ದೇಹ ತೆಳುವಾಗಬೇಕು ಎಂದು ಅವರು ತೋರಿಸಿದರು. 1953ರಲ್ಲಿ ವೈಎಫ್-102 ಎಂಬ ವಿಮಾನ ಎಷ್ಟು ಒದ್ದಾಡಿದರೂ ಮಟ್ಟ ಹಾರಾಟದಲ್ಲಿ ಶಬ್ದದ ವೇಗವನ್ನು ದಾಟಲಿಲ್ಲ. ಸೊಂಟ ಸಣ್ಣ ಮಾಡಿ 1954ರ ಡಿಸೆಂಬರಿನಲ್ಲಿ ಹಾರಿಸಿದರು, ದಾಟಿತು.

ಇದೇ ಸೊಂಟವನ್ನು ಕಂಪ್ಯೂಟರ್ ಇಲ್ಲದೆ ನೋಡಬೇಕೆ? ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಮ್ಮಿಗೆ ಹೋಗಿ, ಅಲ್ಲಿ ಮರುತ್ ನಿಂತಿದೆ. ಎಚ್‌ಎಫ್-24 ಮರುತ್, ಇಲ್ಲೇ ಹುಟ್ಟಿದ ಜೆಟ್ ಫೈಟರ್. ವಿನ್ಯಾಸ ಕುರ್ಟ್ ಟ್ಯಾಂಕ್ ಅವರದು. ಯುದ್ಧದಲ್ಲಿ ಹೆಸರಾದ ಜರ್ಮನಿಯ ಫೋಕೆ-ವುಲ್ಫ್ 190 ಕೂಡ ಅವರದೇ. 1961ರ ಜೂನ್ 17ರಂದು ಪರೀಕ್ಷಾ ಪೈಲಟ್ ಸುರಂಜನ್ ದಾಸ್ ಮರುತ್ ಅನ್ನು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿಸಿದರು. ಆಕಾರ ನೋಡಿದರೆ ಶಬ್ದದ ಎರಡು ಪಟ್ಟು ವೇಗಕ್ಕೆ ಹೊರಟಿದ್ದು ಅಂತ ಗೊತ್ತಾಗುತ್ತದೆ. ಆದರೆ ಅದಕ್ಕೆಂದು ಎಣಿಸಿದ್ದ ಎಂಜಿನ್ ಬರಲೇ ಇಲ್ಲ. ಸಿಕ್ಕಿದ ಆರ್ಫಿಯಸ್ 703 ಎಂಜಿನ್ನುಗಳಿಗೆ ಅಷ್ಟು ಕಸುವು ಇರಲಿಲ್ಲ. ಹೆಚ್ಚು ಶಕ್ತಿ ತುಂಬುವ ಪ್ರಯತ್ನದಲ್ಲೇ, 1970ರ ಜನವರಿಯಲ್ಲಿ, ಪರೀಕ್ಷಾ ಹಾರಾಟದಲ್ಲಿ ಮರುತ್ ಬಿದ್ದು ಸುರಂಜನ್ ದಾಸ್ ತೀರಿಕೊಂಡರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದೇ, ಅಲ್ಲಿ ಟ್ರಾಫಿಕ್ಕಿನಲ್ಲಿ ನಿಂತವರಿಗೆ ಈಗಲಾದರೂ ಗೊತ್ತಾಗಲಿ. ಸಿಮ್ಯುಲೇಟರುಗಳಲ್ಲಿ ಮರುತ್ ಮಿಗ್‌ನಷ್ಟು ಸುಲಭವಾಗಿ ಸಿಗುವುದಿಲ್ಲ. ಅದನ್ನೂ ಯಾರಾದರೂ ಅದೇ ಮುತುವರ್ಜಿಯಿಂದ ಮಾಡಲಿ ಅನ್ನುವುದು ನನ್ನ ಹಳೆಯ ಆಸೆ.

ಖರ್ಚಿನ ಮಾತು ಕೇಳುತ್ತೀರಿ, ಗೊತ್ತು. ಡಿಸಿಎಸ್‌ನ ಮೂಲ ಆಟ ಉಚಿತ, ಜೊತೆಗೆ ಎರಡು ವಿಮಾನ ಬರುತ್ತವೆ, ಉಳಿದ ಬಹುಪಾಲನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಬೇಕು. ಅಷ್ಟಿಲ್ಲದವರಿಗೆ ಫ್ಲೈಟ್‌ಗಿಯರ್ ಎಂಬ ಇನ್ನೊಂದು ಸಿಮ್ಯುಲೇಟರ್ ಇದೆ, ಪೂರ್ತಿ ಉಚಿತ. ಅದರ ಚಿತ್ರಗಳಿಗೆ ಅಷ್ಟು ಹೊಳಪಿಲ್ಲ, ಆಕಾರ ನೋಡಲು ಅಡ್ಡಿಯಿಲ್ಲ.

ಕೊನೆಗೆ ಅಮೆರಿಕದ ಫ್ಯಾಂಟಮ್, ಎಫ್-4. ಇದನ್ನು ಹಿಂದಿನಿಂದ ನೋಡಬೇಕು. ರೆಕ್ಕೆಯ ತುದಿಗಳು 12 ಡಿಗ್ರಿ ಮೇಲಕ್ಕೆ ಬಾಗಿವೆ, ಬಾಲದ ರೆಕ್ಕೆಗಳು 23 ಡಿಗ್ರಿ ಕೆಳಕ್ಕೆ ಇಳಿದಿವೆ. ಪರೀಕ್ಷೆಯಲ್ಲಿ ವಿಮಾನ ಸ್ಥಿರವಾಗಿಲ್ಲ, ಇಡೀ ರೆಕ್ಕೆಯನ್ನು ಸ್ವಲ್ಪ ಎತ್ತಬೇಕು ಎಂದು ಗೊತ್ತಾಯಿತಂತೆ. ಹಾಗೆ ಮಾಡಿದರೆ ನಡುವಿನ ಭಾಗವನ್ನೆಲ್ಲ ಮತ್ತೆ ಕಟ್ಟಬೇಕು. ಎಂಜಿನಿಯರುಗಳು ತುದಿ ಮಾತ್ರ ಜಾಸ್ತಿ ಬಗ್ಗಿಸಿ ಕೆಲಸ ಮುಗಿಸಿದರು. ಮತ್ತೆ ಅದರ ಹೊಗೆ! ಅದರ ಜೆ79 ಎಂಜಿನ್ನುಗಳು ಕಪ್ಪು ಹೊಗೆ ಬಿಡುವುದಕ್ಕೆ ಹೆಸರುವಾಸಿ, ಮೈಲಿಗಟ್ಟಲೆ ದೂರದಿಂದ ಶತ್ರುವಿಗೆ ಕಾಣುತ್ತಿತ್ತು. ಆಫ್ಟರ್‌ಬರ್ನರ್, ಅಂದರೆ ಎಂಜಿನ್ನಿನ ಹಿಂದೆ ಇನ್ನಷ್ಟು ಇಂಧನ ಉರಿಸಿ ವೇಗ ಕೊಡುವ ವ್ಯವಸ್ಥೆ, ಹಚ್ಚಿದರೆ ಆ ಹೊಗೆ ಹೆಚ್ಚು ಕಡಿಮೆ ನಿಂತೇ ಹೋಗುತ್ತದೆ. ಆದ್ದರಿಂದ ಯಾರಾದರೂ ಫ್ಯಾಂಟಮ್ ಚಿತ್ರ ತೋರಿಸಿದರೆ ಬಾಲದ ಕಡೆ ಮೊದಲು ನೋಡಿ. ಉರಿಯುವ ಬೆಂಕಿ, ಕಡುಗಪ್ಪು ಹೊಗೆ ಎರಡೂ ಒಟ್ಟಿಗೆ ಇದ್ದರೆ, ತೆಗೆದವರು ಆಮೇಲೆ ಕೂತು ಬಣ್ಣ ಹಚ್ಚಿದ್ದಾರೆ ಅಂತಲೇ ನನ್ನ ಅನುಮಾನ.

ನಮಸ್ಕಾರ.